ಕುದುರೆಗೆ ಹೊಟ್ಟೆನೋವು ಬಂದರೆ

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ನಾಯಿ, ಬೆಕ್ಕು, ಮನುಷ್ಯ ಎಲ್ಲರೂ ಹೊಟ್ಟೆಗೆ ಒಗ್ಗದ್ದನ್ನು ಕಕ್ಕಿ ಹಗುರಾಗುತ್ತಾರೆ. ಕುದುರೆಗೆ ಆ ದಾರಿ ಮುಚ್ಚಿದೆ. ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿರುವ ಸ್ನಾಯು ಎಷ್ಟು ಬಿಗಿಯೆಂದರೆ, ಒಳಗೆ ಒತ್ತಡ ಏರುತ್ತಲೇ ಹೋದರೂ ಅದು ಸಡಿಲವಾಗುವುದಿಲ್ಲ, ಕೊನೆಗೆ ಜಠರವೇ ಒಡೆಯುತ್ತದೆ. ಒಡೆದ ಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಒಯ್ದರೂ ಅಷ್ಟೇ.

ಸುಮಾರು 500 ಕೆ.ಜಿ. ತೂಗುವ ಈ ಪ್ರಾಣಿಯ ಜಠರ ಹಿಡಿಸುವುದು ಹೆಚ್ಚೆಂದರೆ 15 ಲೀಟರ್. ಅದರ ಹಿಂದಿನದ್ದೆಲ್ಲ ಭಾರಿ: 20 ಮೀಟರಿಗೂ ಉದ್ದದ ಸಣ್ಣಕರುಳು, 30 ಲೀಟರಿನಷ್ಟು ಹಿಡಿಸುವ ಅಂಧಕರುಳು, ಅದರ ಎರಡು ಪಟ್ಟಿಗೂ ಮೀರಿದ ದೊಡ್ಡಕರುಳು. ಈ ದೊಡ್ಡಕರುಳು ಹೊಟ್ಟೆಯೊಳಗೆ ಎರಡು ಮಡಿಕೆಯಾಗಿ ಕೂತಿರುತ್ತದೆ. ಎಡಗಡೆ ಸೊಂಟದ ಹತ್ತಿರ ಅದು ತಿರುಗುವ ಕಡೆ ಅಗಲವಾದ ರಸ್ತೆ ಇದ್ದಕ್ಕಿದ್ದಂತೆ ಓಣಿಯಾದ ಹಾಗೆ ಸಪೂರವಾಗುತ್ತದೆ. ಒಣಮೇವು ಗಟ್ಟಿಯಾಗಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಸಾಲದ್ದಕ್ಕೆ, ಇಷ್ಟು ದೊಡ್ಡ ಕರುಳನ್ನು ಹೊಟ್ಟೆಯ ಗೋಡೆಗೆ ಹಿಡಿದು ನಿಲ್ಲಿಸುವ ಕಟ್ಟು ತೀರ ಕಡಿಮೆ. ಗ್ಯಾಸ್ ತುಂಬಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಕೆಲವೊಮ್ಮೆ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ.

ಕುದುರೆ ವೈದ್ಯರು ಇದನ್ನೆಲ್ಲ ಒಂದೇ ಹೆಸರಿನಿಂದ ಕರೆಯುತ್ತಾರೆ: ಕಾಲಿಕ್. ನಮ್ಮ ಹಳೆಯ ವೈದ್ಯದಲ್ಲಿ ಶೂಲೆ. ಲೋಕದ ಎಲ್ಲೆಡೆ ಕುದುರೆ ಡಾಕ್ಟರನ್ನು ರಾತ್ರಿ ಹಾಸಿಗೆಯಿಂದ ಎಬ್ಬಿಸುವ ಕಾರಣಗಳಲ್ಲಿ ಮೊದಲ ಸ್ಥಾನ ಇದರದ್ದೇ. ಈ ಲೇಖನದಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿ, ಐಸಿಯು, ಲಕ್ಷಾಂತರ ರೂಪಾಯಿಯ ಯಂತ್ರಗಳು ಎಲ್ಲ ಬರುತ್ತವೆ. ಆದರೆ ಕುದುರೆ ಉಳಿಯುತ್ತದೋ ಇಲ್ಲವೋ ಎಂಬುದು ಬಹಳಷ್ಟು ಸಲ ಅದಕ್ಕೂ ಮೊದಲೇ, ಲಾಯದಲ್ಲಿ, ಕುದುರೆ ನೋಡಿಕೊಳ್ಳುವ ಸೈಸ್‌ನ ಕಣ್ಣಿನಲ್ಲಿ ತೀರ್ಮಾನವಾಗಿರುತ್ತದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಯಂತ್ರಗಳ ಬೆಡಗಿನಲ್ಲಿ ಅದು ಮರೆತುಹೋಗುತ್ತದೆ.

ಫೋನು ಬಂದ ಹೊತ್ತು

ಕರೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. “ಸಾರ್, ಕುದುರೆ ಸಂಜೆಯಿಂದ ಮೇವು ಮುಟ್ಟಿಲ್ಲ. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ತಾ ಇದೆ.” ಡಾಕ್ಟರು ಮೊದಲು ಕೇಳುವುದು ಒಂದೇ: “ಲದ್ದಿ ಹಾಕಿದೆಯೇನಪ್ಪಾ?”

ಲದ್ದಿ ಬಿದ್ದಿದ್ದರೆ ಎಷ್ಟು ಹೊತ್ತಿಗೆ, ಗಟ್ಟಿಯೋ ನೀರೋ, ಮೇಲೆ ಲೋಳೆ ಇತ್ತೋ. ಮುಂಗಾಲಿನಿಂದ ನೆಲ ಕೆರೆಯುತ್ತಿದೆಯೋ. ಮೇಲ್ದುಟಿ ಸುರುಟುತ್ತಿದೆಯೋ. ಮಲಗಿ ಎದ್ದು ಮಾಡುತ್ತಿದೆಯೋ, ಇಲ್ಲ ಬಿದ್ದು ಹೊರಳುತ್ತಿದೆಯೋ. ಮೈ ಬೆವರಿದೆಯೋ. ಚೆನ್ನಾಗಿ ಪಳಗಿದ ಸೈಸ್ ಇಷ್ಟನ್ನೂ ಕೇಳುವ ಮೊದಲೇ ಹೇಳುತ್ತಾನೆ. ನಾಡಿಯ ಲೆಕ್ಕವನ್ನೂ ಕೊಡುತ್ತಾನೆ. ದವಡೆಯ ಮೂಳೆಯ ಕೆಳ ಅಂಚಿನಲ್ಲಿ ಹಾಯುವ ರಕ್ತನಾಳದ ಮೇಲೆ ಎರಡು ಬೆರಳಿಟ್ಟು ಎಣಿಸಿದರೆ ಸಿಗುವ ಲೆಕ್ಕ ಅದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಅಂದರೆ ನಮ್ಮ ನಿಮ್ಮದಕ್ಕಿಂತ ಎಷ್ಟೋ ನಿಧಾನ. 60 ದಾಟಿದರೆ ಡಾಕ್ಟರು ಗಾಡಿಯ ಕೀ ಕೈಗೆತ್ತಿಕೊಳ್ಳುತ್ತಾರೆ. 80ರಲ್ಲೇ ನಿಂತಿದ್ದರೆ ದಾರಿಯಿಂದಲೇ ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ನಿಗೆ ತಯಾರಿರಲು ಹೇಳುತ್ತಾರೆ.

ನೋವಿನ ಆರ್ಭಟವನ್ನು ನೋಡಿ ರೋಗದ ತೂಕ ಅಳೆಯಲಾಗದು. ಬರೀ ಗ್ಯಾಸಿಗೆ ಇಡೀ ಲಾಯ ಒದ್ದು ಹುಡಿ ಮಾಡುವ ಕುದುರೆಗಳಿವೆ. ಕರುಳು ಕೊಳೆಯುತ್ತಿದ್ದರೂ ತಲೆ ತಗ್ಗಿಸಿ ಸುಮ್ಮನೆ ನಿಂತವೂ ಇವೆ. ಎದೆಬಡಿತ ಮತ್ತು ವಸಡು ಸುಳ್ಳು ಹೇಳುವುದು ಕಡಿಮೆ. ಮೇಲ್ದುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡು ಇಟ್ಟಿಗೆಗೆಂಪಾಗಿದ್ದರೆ, ಹಲ್ಲಿನ ಬುಡದುದ್ದಕ್ಕೂ ನೇರಳೆ ಗೆರೆ ಮೂಡಿದ್ದರೆ, ಕರುಳಿನ ವಿಷ ರಕ್ತಕ್ಕೆ ಇಳಿದಿದೆ ಎಂದೇ ಲೆಕ್ಕ.

ಇನ್ನೊಂದು ಮಾತು. ಒದ್ದಾಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಶಾಂತವಾದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಜಠರ ಒಡೆದಾಗಲೂ ಹಾಗೇ ಆಗುತ್ತದೆ: ಒತ್ತಡ ಇಳಿಯಿತು, ನೋವು ನಿಂತಿತು. ಆಮೇಲೆ ತಣ್ಣನೆಯ ಬೆವರು, ನಡುಕ, ಕೆಲವೇ ಗಂಟೆಗಳಲ್ಲಿ ಸಾವು. ಶಾಂತವಾದ ಕುದುರೆಯ ಎದೆಬಡಿತವೂ ಇಳಿದಿದ್ದರೆ ಮಾತ್ರ ನಿಟ್ಟುಸಿರು ಬಿಡಿ.

ಡಾಕ್ಟರು ಬಂದು ಮಾಡುವ ಮೊದಲ ದೊಡ್ಡ ಕೆಲಸ ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸುವುದು. ಕೊಳವೆಗೆ ಜೆಲ್ ಸವರಿ, ಮೂಗಿನ ಹೊಳ್ಳೆಯ ಕೆಳಭಾಗಕ್ಕೆ ಒತ್ತಿ ಹಿಡಿದು ನಿಧಾನಕ್ಕೆ ಒಳಗೆ ತಳ್ಳುತ್ತಾರೆ. ಗಂಟಲಿಗೆ ತಾಗಿದಾಗ ಕುದುರೆ ಒಮ್ಮೆ ನುಂಗಬೇಕು. ನುಂಗಿದ ಗಳಿಗೆಗೇ ಮುಂದೆ ಸರಿಸಬೇಕು, ತಪ್ಪಿದರೆ ಕೊಳವೆ ಶ್ವಾಸನಾಳಕ್ಕೆ ಹೋಗುತ್ತದೆ. ಕುತ್ತಿಗೆಯ ಎಡಬದಿಯಲ್ಲಿ ಚರ್ಮದಡಿ ಅದು ಇಳಿಯುವುದು ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ಜಠರ ಮುಟ್ಟಿದಾಗ ಹುಳಿವಾಸನೆಯ ಗಾಳಿ ಭುಸ್ಸೆಂದು ಬರುತ್ತದೆ. ಬಳಿಕ ಒಂದಿಷ್ಟು ನೀರು ಹೊಯ್ದು ಕೊಳವೆಯ ತುದಿಯನ್ನು ಬಕೆಟ್ಟಿಗೆ ಬಗ್ಗಿಸುತ್ತಾರೆ. ಹೊಯ್ದದ್ದಷ್ಟೇ ತಿರುಗಿ ಬಂದರೆ ಚಿಂತೆಯಿಲ್ಲ. ಅದಕ್ಕಿಂತ 2 ಲೀಟರ್ ಹೆಚ್ಚು ಬಂದರೆ ಮುಂದೆಲ್ಲೋ ದಾರಿ ಕಟ್ಟಿದೆ. ಹಸಿರು ಮಿಶ್ರಿತ ಹಳದಿ ನೀರು ಬಕೆಟ್ಟು ತುಂಬಿ, ಎರಡನೇ ಬಕೆಟ್ಟೂ ತುಂಬುವುದುಂಟು. ಆಗ ಕುದುರೆಯ ಕಣ್ಣು ನೋಡಬೇಕು. ಕಣ್ಣೆದುರೇ ಅದಕ್ಕೆ ಜೀವ ಬಂದಂತಾಗುತ್ತದೆ. ವಾಂತಿ ಮಾಡಲಾಗದ ಪ್ರಾಣಿಗೆ ಮನುಷ್ಯ ಮಾಡಿಸುವ ವಾಂತಿ ಅದು. ಇಷ್ಟಕ್ಕೆ ಬೇಕಾದ್ದು ಒಂದು ರಬ್ಬರ್ ಕೊಳವೆ, ಒಂದು ಬಕೆಟ್ಟು ಮತ್ತು ಪಳಗಿದ ಒಂದು ಕೈ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಗೊಟ್ಟ. ದನಕ್ಕೆ ಎತ್ತುವ ಹಾಗೆ ಕುದುರೆಯ ತಲೆಯನ್ನೂ ಮೇಲೆತ್ತಿ, ಬಿದಿರಿನ ಗೊಟ್ಟದಲ್ಲೋ ಬಾಟಲಿಯಲ್ಲೋ ಎಣ್ಣೆ, ಸೋಡಾ, ಕಷಾಯ ಸುರಿಯುವ ರೂಢಿ ಇನ್ನೂ ಹೋಗಿಲ್ಲ. ಅದರಲ್ಲಿ ಒಂದು ಪಾಲು ಪುಪ್ಪುಸಕ್ಕೆ ಇಳಿದರೆ ಸಾಕು. ಶೂಲೆಯಿಂದ ಬದುಕಿದ ಕುದುರೆ ನ್ಯುಮೋನಿಯಾದಿಂದ ಸಾಯುತ್ತದೆ. ಮನೆಯಲ್ಲಿದ್ದ ನೋವಿನ ಇಂಜೆಕ್ಷನ್ನನ್ನು ಡಾಕ್ಟರಿಗೆ ಹೇಳದೆ ಚುಚ್ಚುವುದೂ ಅಷ್ಟೇ ಅಪಾಯ. ಫ್ಲುನಿಕ್ಸಿನ್‌ನಂಥ ಇಂಜೆಕ್ಷನ್ ನೋವನ್ನು ಮುಚ್ಚುತ್ತದೆ, ತಿರುಚಿದ ಕರುಳನ್ನು ಬಿಡಿಸುವುದಿಲ್ಲ. ಡಾಕ್ಟರು ಬರುವ ಹೊತ್ತಿಗೆ ಕುದುರೆ ನೆಮ್ಮದಿಯಾಗಿ ನಿಂತಿರುತ್ತದೆ, ಆಪರೇಷನ್ನಿನ ಹೊತ್ತು ಮೀರಿರುತ್ತದೆ. ಮೇವು ತೆಗೆಯಿರಿ, ಹೊರಳದಂತೆ ಮೆಲ್ಲಗೆ ನಡೆಸಿ, ಫೋನು ಮಾಡಿ, ಅಷ್ಟು ಸಾಕು. ಶೂಲೆ ಬಂದ ಹತ್ತು ಕುದುರೆಗಳಲ್ಲಿ ಒಂಬತ್ತಾದರೂ ಕೊಳವೆ, ಔಷಧಿ, ನೀರಿನಿಂದಲೇ ಗುಣವಾಗುತ್ತವೆ.

ಆಪರೇಷನ್ ಮೇಜಿನ ಮೇಲೆ

ಉಳಿದ ಒಂದರ ಕಥೆ ಬೇರೆ. ಕರುಳು ತಿರುಚಿ ರಕ್ತ ಸಂಚಾರ ನಿಂತಿದ್ದರೆ ಹೊಟ್ಟೆ ಕೊಯ್ಯಲೇಬೇಕು, ಅದೂ ಗಂಟೆಗಳ ಒಳಗೆ. ದೊಡ್ಡಕರುಳು ಪೂರ್ತಿ ಒಂದು ಸುತ್ತು ತಿರುಚಿಕೊಂಡರೆ (ಮರಿ ಹಾಕಿ ಕೆಲವು ವಾರವಾದ ಕುದುರೆಗಳಿಗೆ ಇದರ ಭಯ ಹೆಚ್ಚು) ಸಿಗುವ ಸಮಯ ಬೆರಳೆಣಿಕೆಯ ಗಂಟೆಗಳಷ್ಟೇ.

ಮೆತ್ತೆ ಹೊದಿಸಿದ ಗೋಡೆಗಳ ಕೋಣೆಯಲ್ಲಿ ಮತ್ತಿನ ಔಷಧಿ ಕೊಟ್ಟು ಕುದುರೆಯನ್ನು ಮಲಗಿಸುತ್ತಾರೆ. ನಾಲ್ಕೂ ಕಾಲಿಗೆ ಪಟ್ಟಿ ಬಿಗಿದು, ಸರಪಳಿಯ ರಾಟೆಯಿಂದ ಅಂಗಾತ ಮೇಲೆತ್ತಿ, ಗಾಳಿ ತುಂಬಿದ ಹಾಸಿಗೆಯ ಮೇಜಿಗೆ ಇಳಿಸುತ್ತಾರೆ. ಮೊದಲ ಸಲ ನೋಡುವವರಿಗೆ ಇದು ಕ್ರೌರ್ಯದ ಹಾಗೆ ಕಾಣುತ್ತದೆ. ಅಷ್ಟು ತೂಕವನ್ನು ಸರಿಸಲು ಇದಕ್ಕಿಂತ ಸುರಕ್ಷಿತ ದಾರಿ ಸಿಕ್ಕಿಲ್ಲ. ಅಂಗಾತ ಮಲಗಿದ ಕುದುರೆಯ ಕರುಳಿನ ಭಾರವೆಲ್ಲ ಪುಪ್ಪುಸದ ಮೇಲೆ ಬೀಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ರಕ್ತದೊತ್ತಡ ಕುಸಿದರೆ ತನ್ನದೇ ಭಾರಕ್ಕೆ ಸಿಕ್ಕ ಮಾಂಸಖಂಡಗಳು ಸಾಯತೊಡಗುತ್ತವೆ. ಸರ್ಜನ್ ಕರುಳು ಹುಡುಕುತ್ತಿದ್ದರೆ ಅರಿವಳಿಕೆ ತಜ್ಞರು ಈ ಎಲ್ಲದರ ಜೊತೆ ಜಗ್ಗಾಡುತ್ತಿರುತ್ತಾರೆ.

ಅಸಲಿ ಗಂಡಾಂತರ ಇರುವುದು ಆಪರೇಷನ್ ಮುಗಿದ ಮೇಲೆ. ಕುದುರೆ ಬೇಟೆಗೆ ಬಲಿಯಾಗುತ್ತಿದ್ದ ಪ್ರಾಣಿ. ನೆಲದ ಮೇಲೆ ಬಿದ್ದಿದ್ದೇನೆಂದು ಅರಿವಾದ ಕೂಡಲೇ ಎದ್ದು ಓಡಬೇಕು ಎಂಬುದು ಅದರ ರಕ್ತದಲ್ಲಿದೆ. ಔಷಧಿಯ ಅಮಲು ಅರ್ಧ ಇಳಿದಿರುವಾಗಲೇ ಏಳಲು ಹೋಗಿ, ಮುಗ್ಗರಿಸಿ, ಕಾಲು ಮುರಿದುಕೊಳ್ಳುತ್ತದೆ. ಎರಡು ಗಂಟೆ ಹೆಣಗಿ ಕರುಳು ಸರಿಮಾಡಿದ ಸರ್ಜನ್ ಕಣ್ಣೆದುರೇ ಮೂಳೆ ಮುರಿಯುವುದನ್ನು ನೋಡಬೇಕಾಗುತ್ತದೆ. ತಲೆಗೂ ಬಾಲಕ್ಕೂ ಹಗ್ಗ ಕಟ್ಟಿ ಗೋಡೆಯ ಬಳೆಗಳ ಮೂಲಕ ಹಿಡಿದು ಎಬ್ಬಿಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಅರಿವಳಿಕೆ ಕೊಟ್ಟ ಕುದುರೆಗಳಲ್ಲಿ ಸಾಯುವವು ನೂರಕ್ಕೆ ಒಂದರ ಆಸುಪಾಸು ಎಂದು ದೊಡ್ಡ ಅಧ್ಯಯನಗಳು ಕಂಡುಕೊಂಡಿವೆ. ನಾಯಿಗಳಲ್ಲಿ ಈ ಪ್ರಮಾಣ ಅದರ ಎಷ್ಟೋ ಪಾಲು ಕಡಿಮೆ.

ಆಮೇಲೆ ಐಸಿಯು. ಇಲ್ಲಿನ ಲೆಕ್ಕಗಳೇ ತಲೆ ತಿರುಗಿಸುತ್ತವೆ. ದೇಹತೂಕದ ನೂರಕ್ಕೆ 8ರಷ್ಟು ನೀರು ಕಳೆದುಕೊಂಡ 500 ಕೆ.ಜಿ.ಯ ಕುದುರೆಗೆ ತುಂಬಿಕೊಡಬೇಕಾದ್ದು 40 ಲೀಟರ್. ನಾವು ಆಸ್ಪತ್ರೆಯಲ್ಲಿ ನೋಡುವ ಅರ್ಧ ಲೀಟರ್ ಡ್ರಿಪ್ ಬಾಟಲಿಯಲ್ಲಿ ಅದು 80 ಬಾಟಲಿ, ಅದರ ಮೇಲೆ ದಿನದ ಖರ್ಚಿನ 25ರಿಂದ 30 ಲೀಟರ್ ಬೇರೆ. ಅಷ್ಟು ಹೊತ್ತು ಕಾಯಲಾಗದಷ್ಟು ಕುಸಿದ ಕುದುರೆಗೆ 2 ಲೀಟರಿನಷ್ಟು ಗಾಢ ಉಪ್ಪುನೀರನ್ನು ನೇರ ಕುತ್ತಿಗೆಯ ಅಭಿಧಮನಿಗೆ ಬಿಡುತ್ತಾರೆ. ಅದು ಮೈಯ ಬೇರೆ ಭಾಗಗಳಿಂದ ನೀರೆಳೆದು ಸ್ವಲ್ಪ ಹೊತ್ತು ರಕ್ತದೊತ್ತಡವನ್ನು ಎತ್ತಿ ನಿಲ್ಲಿಸುತ್ತದೆ. ಅದು ಸಾಲವಿದ್ದ ಹಾಗೆ. ಬೆನ್ನಿಗೇ ಮಾಮೂಲಿ ಡ್ರಿಪ್ಪಿನಲ್ಲಿ ತೀರಿಸಬೇಕು.

ಶೂಲೆಗೂ ಪಶುವೈದ್ಯ ಶಿಕ್ಷಣಕ್ಕೂ ಹಳೆಯ ನಂಟಿದೆ. ಇಂಗ್ಲೆಂಡಿನ ‘ಎಕ್ಲಿಪ್ಸ್’, ಓಡಿದ ಯಾವ ರೇಸನ್ನೂ ಸೋಲದ ಕುದುರೆ. ಇಂದಿನ ರೇಸ್ ಕುದುರೆಗಳಲ್ಲಿ ಬಹುಪಾಲಿನ ಗಂಡುವಂಶ ಅದರಿಂದಲೇ ಇಳಿದುಬಂದದ್ದು. 1789ರ ಫೆಬ್ರುವರಿಯಲ್ಲಿ ಅದು ಸತ್ತದ್ದು ಶೂಲೆಯಿಂದ. ಅದರ ದೇಹವನ್ನು ಕೊಯ್ದು ಅಳೆದು ಪುಸ್ತಕ ಬರೆದವನು ಫ್ರಾನ್ಸಿನಿಂದ ಬಂದ ಶಾರ್ಲ್ ವಿಯಾಲ್ ದ ಸೇಂಟ್‌ಬೆಲ್. ಆ ಹೆಸರಿನ ಬಲದಿಂದಲೇ ಅವನು 1791ರಲ್ಲಿ ಶುರುವಾದ ಲಂಡನ್ ಪಶುವೈದ್ಯಕೀಯ ಕಾಲೇಜಿನ ಮೊದಲ ಮುಖ್ಯಸ್ಥನಾದ. ಅದಕ್ಕೂ ಮುಂಚೆ ಲಿಯೋನಿನಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆದ ಕ್ಲೋದ್ ಬೂರ್ಜ್‌ಲಾ ಕೂಡ ಕುದುರೆ ಸವಾರಿಯ ಶಾಲೆ ನಡೆಸುತ್ತಿದ್ದವನೇ. ದನ, ಕುರಿ, ನಾಯಿಗಳು ಪಠ್ಯಕ್ಕೆ ಬಂದದ್ದು ಕುದುರೆಯ ಬೆನ್ನೇರಿ.

ನಾಲ್ಕು ಬೆರಳ ಮೇಲೆ ನಿಂತ ಪ್ರಾಣಿ

ಕಾಲಿನ ವಿಷಯಕ್ಕೆ ಬಂದರೆ ನಮ್ಮ ಸಿನಿಮಾಗಳು ಕಲಿಸಿದ್ದು ಒಂದೇ: ಕಾಲು ಮುರಿದ ಕುದುರೆಗೆ ಗುಂಡು. ಅದು ಕಟುಕತನವಲ್ಲ, ಅಸಹಾಯಕತೆ. ಕುದುರೆ ನಿಂತಿರುವುದು ಕಾಲಿಗೊಂದರಂತೆ ನಾಲ್ಕೇ ಬೆರಳ ಮೇಲೆ. ಮುಂಗಾಲಿನ ಮಂಡಿಯ ಕೆಳಗೆ ಮಾಂಸವೇ ಇಲ್ಲ, ಬರೀ ಮೂಳೆ, ಸ್ನಾಯುರಜ್ಜು, ಚರ್ಮ. ಮುರಿದ ಮೂಳೆ ಸುಲಭವಾಗಿ ಚರ್ಮ ಸೀಳಿ ಹೊರಬರುತ್ತದೆ, ಕೊಳೆಯಾಗುತ್ತದೆ. ಮನುಷ್ಯನ ಹಾಗೆ ಮೂರು ತಿಂಗಳು ಮಂಚದ ಮೇಲೆ ಮಲಗು ಎಂದು ಕುದುರೆಗೆ ಹೇಳಲಾಗುವುದಿಲ್ಲ.

ಇದನ್ನು ಮೀರಲು ಹೊರಟ ಅತ್ಯಂತ ಪ್ರಸಿದ್ಧ ಪ್ರಯತ್ನ ಅಮೆರಿಕದ ‘ಬಾರ್ಬರೊ’ವಿನದ್ದು. 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಆರೂವರೆ ಕುದುರೆ ಉದ್ದದ ಅಂತರದಿಂದ ಗೆದ್ದ ಕುದುರೆ, ಎರಡು ವಾರಕ್ಕೆ, ಮೇ 20ರಂದು, ಬಾಲ್ಟಿಮೋರಿನ ಪ್ರೀಕ್‌ನೆಸ್ ರೇಸಿನಲ್ಲಿ ಹೊರಟ ಸ್ವಲ್ಪ ಹೊತ್ತಿಗೇ ಬಲ ಹಿಂಗಾಲು ಮುರಿದುಕೊಂಡಿತು. ಗೊರಸಿನ ಮೇಲಿನ ಉದ್ದ ಮೂಳೆ 20ಕ್ಕೂ ಹೆಚ್ಚು ಚೂರಾಗಿತ್ತು. ಮಾರನೆಯ ದಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರಿನಲ್ಲಿ ಡಾ. ಡೀನ್ ರಿಚರ್ಡ್‌ಸನ್ ತಂಡ ಲೋಹದ ಪಟ್ಟಿ, 27 ಸ್ಕ್ರೂ ಹಾಕಿ ಆ ಚೂರುಗಳನ್ನು ಕೂಡಿಸಿತು. ಎಚ್ಚರವಾಗುವಾಗ ಕಾಲು ಮತ್ತೆ ಮುರಿಯದಿರಲೆಂದು ಬಾರ್ಬರೊವನ್ನು ರಾಟೆಯಿಂದ ಎತ್ತಿ, ನಾಲ್ಕು ಕಾಲೂರುವ ತೂತುಗಳಿದ್ದ ರಬ್ಬರ್ ತೆಪ್ಪದಲ್ಲಿಟ್ಟು ಬೆಚ್ಚನೆಯ ಕೊಳಕ್ಕೆ ಇಳಿಸಿದರು. ಒದ್ದರೂ ನೀರಿಗೆ ಒದೆಯಲಿ ಎಂಬ ಉಪಾಯ.

ಮುರಿದ ಕಾಲು ಕೂಡುತ್ತ ಬಂತು. ಕೈಕೊಟ್ಟದ್ದು ಮುರಿಯದ ಕಾಲು. ಗೊರಸಿನೊಳಗಿನ ಕೊನೆಯ ಮೂಳೆ ಗೊರಸಿನ ಗೋಡೆಗೆ ಅಂಟಿ ತೂಗುತ್ತಿರುವುದು ಸಾವಿರಾರು ಸೂಕ್ಷ್ಮ ಪದರಗಳ ಹಿಡಿತದಿಂದ. ಒಂದೇ ಕಾಲಿನ ಮೇಲೆ ಹಗಲಿರುಳು ಭಾರ ಬಿದ್ದರೆ ಆ ಪದರಗಳಿಗೆ ರಕ್ತ ಸಾಲದೆ ಹಿಡಿತ ಬಿಡುತ್ತದೆ, ಮೂಳೆ ಕೆಳಕ್ಕೆ ಕುಸಿಯುತ್ತದೆ. ಇದೇ ಲ್ಯಾಮಿನೈಟಿಸ್. ಜುಲೈನಲ್ಲಿ ಬಾರ್ಬರೊವಿನ ಎಡ ಹಿಂಗಾಲಿನ ಗೊರಸಿನ ಗೋಡೆಯ ಬಹುಪಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಕೊನೆಗೆ ಮುಂಗಾಲುಗಳಿಗೂ ಅದೇ ರೋಗ ತಗುಲಿ, ನಿಲ್ಲಲು ಒಂದೂ ನೆಟ್ಟಗಿನ ಕಾಲಿಲ್ಲದಾಗ, 2007ರ ಜನವರಿ 29ರಂದು ದಯಾಮರಣ ಕೊಟ್ಟರು. ಎಂಟು ತಿಂಗಳ ಆ ಹೋರಾಟ ಸೋತಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಕೊನೆಯ ವಾರಗಳಲ್ಲಿ ನಿಲ್ಲಿಸುವ ನಿರ್ಧಾರಕ್ಕೂ ಆಪರೇಷನ್ನಿಗೆ ಬೇಕಾದಷ್ಟೇ ಧೈರ್ಯ ಬೇಕು ಎಂಬುದನ್ನು ಕುದುರೆ ಸಾಕುವವರು ಅದರಿಂದ ಕಲಿಯಬೇಕು.

ಲ್ಯಾಮಿನೈಟಿಸ್ ಕರುಳಿನ ವಿಷದಿಂದಲೂ ಬರುತ್ತದೆ. ಹಗ್ಗ ಕಿತ್ತುಕೊಂಡು ಹುರುಳಿ ಮೂಟೆಗೋ ಧಾನ್ಯದ ಚೀಲಕ್ಕೋ ಬಾಯಿ ಹಾಕಿದ ಕುದುರೆಗೆ ಮೊದಲು ಶೂಲೆ, ಒಂದೆರಡು ದಿನಕ್ಕೆ ಗೊರಸು. ಇದಕ್ಕೆ ಇಂದು ಇರುವ ಒಳ್ಳೆಯ ತಡೆ ಔಷಧಿ ಅಂಗಡಿಯಲ್ಲಿಲ್ಲ, ಐಸ್ ಅಂಗಡಿಯಲ್ಲಿದೆ. ರೋಗ ಕಾಣಿಸುವ ಮೊದಲೇ ಕಾಲುಗಳನ್ನು ಮಂಡಿಯವರೆಗೆ ಐಸ್ ನೀರಿನಲ್ಲಿ ಎರಡು ಮೂರು ದಿನ ಬಿಡದೆ ಇಡಬೇಕು. ಆಸ್ಟ್ರೇಲಿಯಾದ ಕ್ರಿಸ್ ಪೊಲಿಟ್ ಮತ್ತು ಜೊತೆಗಾರರು ಇದು ಫಲ ಕೊಡುತ್ತದೆಂದು ತೋರಿಸಿಕೊಟ್ಟರು.

ಮುರಿದ ಕಾಲಿನ ಕುದುರೆಯನ್ನು ಸಾಗಿಸುವಾಗ ನೆನಪಿಡಬೇಕಾದ ಸಣ್ಣ ವಿಷಯವೊಂದಿದೆ. ಸೀಳಿದ ಪಿವಿಸಿ ಪೈಪು, ದಪ್ಪ ಹತ್ತಿ, ಬ್ಯಾಂಡೇಜಿನಿಂದ ಕಾಲನ್ನು ಕಟ್ಟಿದ ಮೇಲೆ, ಮುಂಗಾಲು ಮುರಿದಿದ್ದರೆ ಕುದುರೆಯ ಮುಖ ಗಾಡಿಯ ಹಿಂಬದಿಗೆ ಇರಬೇಕು. ಡ್ರೈವರ್ ಬ್ರೇಕ್ ಹಾಕಿದಾಗ ಭಾರ ಹಿಂಗಾಲಿಗೆ ಬೀಳಲಿ ಎಂದು. ಹಿಂಗಾಲು ಮುರಿದಿದ್ದರೆ ಮುಖ ಮುಂದಕ್ಕೆ.

ಗಿಣ್ಣುಹಾಲಿನ ಗಡುವು

ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂ ಇದೆ. ಇಂಥ ಫಾರಂಗಳಲ್ಲಿ ವರ್ಷದ ಮೊದಲ ತಿಂಗಳುಗಳು ನಿದ್ದೆಗೆಟ್ಟ ತಿಂಗಳುಗಳು. ಹನ್ನೊಂದು ತಿಂಗಳು ಹೊತ್ತ ಕುದುರೆ ಹೆಚ್ಚಾಗಿ ಈಯುವುದು ನಡುರಾತ್ರಿಯ ನಂತರ, ಯಾರೂ ಇಲ್ಲದ ಹೊತ್ತು ನೋಡಿ. ಹಸು ಗಂಟೆಗಟ್ಟಲೆ ತೆಗೆದುಕೊಂಡರೂ ನಡೆಯುತ್ತದೆ. ಕುದುರೆಯಲ್ಲಿ ನೀರಿನ ಚೀಲ ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಮರಿ ನೆಲಕ್ಕೆ ಬೀಳಬೇಕು, ತಡವಾದ ಪ್ರತಿ ನಿಮಿಷವೂ ಮರಿಯ ಉಸಿರಿನ ಲೆಕ್ಕ. ಮೊದಲು ಕಾಣಬೇಕಾದ್ದು ಬಿಳಿಯ ಪೊರೆ. ಅದರ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಂಡರೆ ಮಾಸು ಮೊದಲೇ ಕಳಚಿಕೊಂಡಿದೆ, ಮರಿಗೆ ಆಮ್ಲಜನಕ ನಿಂತಿದೆ. ಡಾಕ್ಟರಿಗೆ ಫೋನು ಮಾಡುತ್ತ ಕೂರುವ ಹೊತ್ತಲ್ಲ ಅದು. ಕಾವಲಿನವನೇ ಚೀಲವನ್ನು ಸೀಳಿ ಮರಿಯನ್ನು ಎಳೆಯಬೇಕು.

ಆಮೇಲೆ ಫಾರಂಗಳಲ್ಲಿ ಬಾಯಿಪಾಠವಾಗಿರುವ ಲೆಕ್ಕ: ಒಂದು ಗಂಟೆಗೆ ಮರಿ ನಿಲ್ಲಬೇಕು, ಎರಡು ಗಂಟೆಗೆ ಮೊಲೆ ಹಿಡಿಯಬೇಕು, ಮೂರು ಗಂಟೆಗೆ ತಾಯಿಯ ಕಸ ಬೀಳಬೇಕು. ಇವುಗಳಲ್ಲಿ ನಡುವಿನದ್ದರ ಮೇಲೆ ಮರಿಯ ಆಯಸ್ಸು ನಿಂತಿದೆ. ಮನುಷ್ಯರ ಕೂಸು ತಾಯಿಯ ರೋಗನಿರೋಧಕಗಳನ್ನು ಗರ್ಭದಲ್ಲೇ ಪಡೆದು ಹುಟ್ಟುತ್ತದೆ. ಕುದುರೆಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ್ದೆಲ್ಲ ಗಿಣ್ಣುಹಾಲಿನಲ್ಲಿದೆ, ಮರಿಯ ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳುವುದು ಸುಮಾರು ಮೊದಲ ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಗಡುವು ಮೀರಿದರೆ ಬೇರೆ ಕುದುರೆಯ ಪ್ಲಾಸ್ಮಾವನ್ನು ರಕ್ತಕ್ಕೇ ಕೊಡಬೇಕು. ಮರಿಗಳ ಐಸಿಯು ಎಂದರೆ ಹಾಸಿಗೆಯ ಮೇಲೆ 50 ಕೆ.ಜಿ. ತೂಗುವ ಶಿಶು, ಮೂಗಿನಲ್ಲಿ ಆಮ್ಲಜನಕದ ನಳಿಗೆ, ಎರಡು ಗಂಟೆಗೊಮ್ಮೆ ಹಾಲು, ಅಡ್ಡಗೋಡೆಯ ಆಚೆ ಗಾಬರಿಯಲ್ಲಿ ಕೆನೆಯುವ ತಾಯಿ.

ಕೆಲವು ಮರಿಗಳು ಹುಟ್ಟಿ ಸ್ವಲ್ಪ ಹೊತ್ತಿಗೆ ಮಂಕು ಹಿಡಿದಂತಾಗುತ್ತವೆ. ತಾಯಿಯನ್ನು ಗುರುತಿಸುವುದಿಲ್ಲ, ಗೋಡೆ ನೆಕ್ಕುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಡಾ. ಜಾನ್ ಮ್ಯಾಡಿಗನ್ ಇದಕ್ಕೊಂದು ವಿಚಿತ್ರ ಮದ್ದು ಕಂಡುಹಿಡಿದರು. ಮರಿಯ ಎದೆಗೆ ಮೆತ್ತನೆಯ ಹಗ್ಗ ಸುತ್ತಿ, 20 ನಿಮಿಷ ಒಂದೇ ಹದದಲ್ಲಿ ಬಿಗಿದು ಹಿಡಿಯುವುದು. ಜನನದ ಹಾದಿಯಲ್ಲಿ ಬೀಳುವ ಒತ್ತಡವನ್ನು ಇನ್ನೊಮ್ಮೆ ಕೊಟ್ಟ ಹಾಗೆ. ಮರಿ ನಿದ್ದೆ ಹೋಗುತ್ತದೆ. ಹಗ್ಗ ಸಡಿಲಿಸಿದಾಗ ಎಷ್ಟೋ ಮರಿಗಳು ಎದ್ದು ನೇರ ತಾಯಿಯ ಹತ್ತಿರ ಹೋಗುತ್ತವೆ. ಎಲ್ಲ ಮರಿಗೂ ಇದು ಒದಗುವುದಿಲ್ಲ. ಪಕ್ಕೆಲುಬು ಮುರಿದ ಮರಿಗೆ ಮಾಡಲೇಬಾರದು.

ಮೂಗಿಗೆ ಕಚ್ಚಿದ ಹಾವು

ಕುದುರೆ ಬಾಯಿಯಿಂದ ಉಸಿರಾಡಲಾರದು. ಹುಲ್ಲಿನಲ್ಲಿ ಸರಿದದ್ದನ್ನು ಮೂಸಲು ಹೋಗಿ ಮೂತಿಗೇ ಕಚ್ಚಿಸಿಕೊಳ್ಳುವುದು ಅದರ ಸ್ವಭಾವ. ಕೊಳಕುಮಂಡಲ ಕಚ್ಚಿದರೆ ಮುಖ ಊದಿ ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ, ವಿಷ ಏರುವ ಮೊದಲೇ ಉಸಿರು ಕಟ್ಟುತ್ತದೆ. ಊತ ಪೂರ್ತಿಯಾಗುವ ಮೊದಲು ಎರಡೂ ಹೊಳ್ಳೆಗೆ ಗೇಣುದ್ದದ ತೋಟದ ಪೈಪಿನ ತುಂಡು, ಅಂಚು ನುಣುಪು ಮಾಡಿ, ತೂರಿಸಿ ಪ್ಲಾಸ್ಟರಿನಿಂದ ಭದ್ರ ಮಾಡಿದರೆ ಡಾಕ್ಟರು ಬರುವವರೆಗೆ ಕುದುರೆ ಬದುಕಿರುತ್ತದೆ. ಆಮೇಲೆ ಹಾವಿನ ವಿಷಕ್ಕೆ ಪ್ರತಿವಿಷ. ನಮ್ಮ ದೇಶದಲ್ಲಿ ಹಾವು ಕಚ್ಚಿದ ರೈತನಿಗೆ ಕೊಡುವ ಆ ಪ್ರತಿವಿಷ ತಯಾರಾಗುವುದೂ ಕುದುರೆಯ ರಕ್ತದಿಂದಲೇ. ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿಸಿಕೊಂಡು ಅದು ಮಾಡಿಕೊಟ್ಟ ಔಷಧಿಗೆ ಎಷ್ಟು ಜೀವಗಳು ಋಣಿಯೋ.

ಬಾಲ ತೋರಿಸಿ ಹಣ ಪಡೆದ ಕಾಲ

1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವರ್ತಕ ನೂನಿಜ್ ಒಂದು ಸಂಗತಿ ದಾಖಲಿಸಿದ್ದಾನೆ. ಅಲ್ಲಿನ ಹಿಂದಿನ ಅರಸ ಸಾಳುವ ನರಸಿಂಹ ಹೋರ್ಮುಜ್‌ನಿಂದ ಬರುವ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ, ಸತ್ತಿರಲಿ ಬದುಕಿರಲಿ, ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ. ತನ್ನ ಕಾಲದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದೂ ಅವನು ಬರೆಯುತ್ತಾನೆ. ಕನ್ನಡದಲ್ಲಿ ಅಭಿನವಚಂದ್ರ 1400ರ ಸುಮಾರಿಗೇ ಕುದುರೆಗಳ ಶಾಸ್ತ್ರವನ್ನು ಗ್ರಂಥವಾಗಿಸಿದ್ದ. ಆದರೂ ಅಷ್ಟು ಕುದುರೆ ವರ್ಷವರ್ಷವೂ ಬೇಕಾಗುತ್ತಿತ್ತು ಎಂದರೆ ಎಷ್ಟು ಸಾಯುತ್ತಿದ್ದವು ಎಂದು ಊಹಿಸಬಹುದು.

ಇಂದು ನಮ್ಮಲ್ಲಿ ಕುದುರೆಯ ತುರ್ತು ಚಿಕಿತ್ಸೆ ಎಲ್ಲಿದೆ? 1891ರಲ್ಲಿ ಹುಟ್ಟಿದ ಮೈಸೂರು ರೇಸ್ ಕ್ಲಬ್, ಬೆಂಗಳೂರಿನ ಟರ್ಫ್ ಕ್ಲಬ್‌ನಂಥ ಕಡೆ, ಸೇನೆಯ ಪಶುವೈದ್ಯ ದಳದಲ್ಲಿ, ದಸರೆಗೆ ಮೆರೆಯುವ ಅಶ್ವಾರೋಹಿ ಪೊಲೀಸರ ಲಾಯದಲ್ಲಿ, 1958ರಿಂದ ನಡೆಯುತ್ತಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲಿ. ಬೆಲೆ ಇರುವ ಕುದುರೆಯ ಸುತ್ತ ವೈದ್ಯವೂ ಇದೆ. ಮೈಸೂರಿನ ಟಾಂಗಾ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಬೀಚಿನಲ್ಲಿ ಮಕ್ಕಳನ್ನು ಹೊರುವ ತಟ್ಟು, ಇವಕ್ಕೆ ಮಧ್ಯರಾತ್ರಿ ಶೂಲೆ ಬಂದರೆ ಸಿಗುವುದು ಗೊಟ್ಟವೇ. ಅಂಥ ಕುದುರೆಯ ಒಡೆಯನಿಗೆ ಆ ಕುದುರೆಯೇ ಅನ್ನ. ಅವನು ಕಟುಕನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗಾಗಿ ದೊಡ್ಡ ಆಸ್ಪತ್ರೆ ಬೇಕು ಎಂದು ಬೇಡಿಕೆ ಇಡುವ ಮೊದಲು ಸಣ್ಣವು ಆಗಲಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕುದುರೆಯ ಕೊಳವೆಯೊಂದು ಇರಲಿ, ಅದನ್ನು ಇಳಿಸಲು ಬರುವ ಕೈಯೂ ಇರಲಿ. ಪಶುಪಾಲಕರಿಗಾಗಿ ಇರುವ 1962 ಸಹಾಯವಾಣಿ ಸಂಖ್ಯೆ ಪ್ರತಿ ಲಾಯದ ಗೋಡೆಯ ಮೇಲೆ ಬರೆದಿರಲಿ, ಪಕ್ಕದಲ್ಲೇ ಆ ಕುದುರೆಯ ಮಾಮೂಲಿ ಎದೆಬಡಿತವೂ. ಧನುರ್ವಾಯುವಿನ ಲಸಿಕೆ ತಪ್ಪದಿರಲಿ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಹುರುಳಿ, ಬೂಸಾಕ್ಕಿಂತ ಹುಲ್ಲು ಹೆಚ್ಚಿರಲಿ. ಮೇವು ಬದಲಿಸುವುದಿದ್ದರೆ ವಾರವಾದರೂ ಹಿಡಿಯಲಿ.

ಕೊನೆಗೆ, ಕುದುರೆ ಸಾಕದ ಓದುಗರಿಗೂ ಒಂದು ಮಾತು. ಕರ್ನಾಟಕದಿಂದ ವರ್ಷವರ್ಷವೂ ಸಾಕಷ್ಟು ಜನ ಕೇದಾರನಾಥಕ್ಕೆ ಹೋಗುತ್ತಾರೆ, ಗೌರಿಕುಂಡದಿಂದ ಮೇಲಕ್ಕೆ ಹೇಸರಗತ್ತೆ, ಕುದುರೆ ಏರುತ್ತಾರೆ. 2022ರ ಯಾತ್ರೆಯ ಮೊದಲ ವಾರಗಳಲ್ಲೇ ಆ ದಾರಿಯಲ್ಲಿ ಹತ್ತಾರು ಪ್ರಾಣಿಗಳು ಸತ್ತವು. ನೀರು, ವಿಶ್ರಾಂತಿ ಇಲ್ಲದೆ ಒಣಮೇವು ತಿಂದು ಏರುವ ಪ್ರಾಣಿಯ ಕರುಳಿನಲ್ಲಿ ಏನಾಗುತ್ತದೆ ಎಂದು ಈಗ ನಿಮಗೆ ಗೊತ್ತು. ಹತ್ತುವ ಮೊದಲು ಅದಕ್ಕೆ ನೀರು ಕುಡಿಸಿದ್ದೀರಾ, ಇದು ಇವತ್ತಿನ ಎಷ್ಟನೇ ಸುತ್ತು ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಹತ್ತಬೇಡಿ.